ಅಲಾಸ್ಕಾ ಹಡಗಿನ ಟಿಕೆಟ್ಟು: ಕೊಟ್ಟ ದುಡ್ಡಿಗೆ ಸಿಗುವುದೇನು?

ಬೇಸಿಗೆಗೆಂದು ಅಮೆರಿಕದ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರನ್ನು ಸಿಯಾಟಲ್ ಬಂದರಿನಿಂದ ಏಳು ದಿನದ ಅಲಾಸ್ಕಾ ಹಡಗು ಹತ್ತಿಸುವುದು ಅಲ್ಲಿನ ಎಷ್ಟೋ ಕನ್ನಡ ಮನೆಗಳಲ್ಲಿ ಈಗ ರೂಢಿ. ಹಾಗೆ ಹೊರಟವರು ಹೆಚ್ಚಾಗಿ ಆರಿಸುವುದು ತೀರಾ ಅಗ್ಗವೂ ಅಲ್ಲದ, ಐಷಾರಾಮಿಯೂ ಅಲ್ಲದ ನಡುವಿನ ದರ್ಜೆಯ ಕಂಪನಿಯನ್ನು. ತುಸು ಹೆಚ್ಚು ಕೊಟ್ಟದ್ದಕ್ಕೆ ಸಿಗುವುದೇನು ಎಂಬುದು ಮಾತ್ರ ಜಾಹೀರಾತು ನೋಡಿದರೆ ತಿಳಿಯುವುದಿಲ್ಲ.

ಈ ದರ್ಜೆಯ ಹಳೆಯ ಹೆಸರು ಹಾಲೆಂಡ್ ಅಮೆರಿಕ ಲೈನ್. 1873ರಲ್ಲಿ ರಾಟರ್‌ಡ್ಯಾಮಿನಲ್ಲಿ ಹುಟ್ಟಿ, ಯುರೋಪಿನ ವಲಸಿಗರನ್ನು ನ್ಯೂಯಾರ್ಕಿಗೆ ಸಾಗಿಸಿದ ಕಂಪನಿಯಿದು. ವಿಮಾನಗಳು ಆ ದಂಧೆಯನ್ನು ಕಸಿದ ಮೇಲೆ ವಿಹಾರಯಾನಕ್ಕೆ ತಿರುಗಿತು. 1989ರಿಂದ ಕಾರ್ನಿವಲ್ ಸಂಸ್ಥೆಯ ಒಡೆತನದಲ್ಲಿದೆ. ಅಗ್ಗದ ಕಾರ್ನಿವಲ್, ದುಬಾರಿ ಸೀಬೋರ್ನ್, ನಡುವಿನ ಹಾಲೆಂಡ್ ಅಮೆರಿಕ, ಮೂರರ ಗಲ್ಲಾಪೆಟ್ಟಿಗೆಯೂ ಕೊನೆಗೆ ಒಂದೇ.

ಹಡಗುಗಳನ್ನು ತೂಗಿ ನೋಡುವವರು ಮೊದಲು ಹಿಡಿಯುವ ಅಳತೆಗೋಲು ಗ್ರಾಸ್ ಟನ್ನೇಜ್. ಇದು ತೂಕವಲ್ಲ, ಹಡಗಿನ ಒಳಾವಕಾಶದ ಲೆಕ್ಕ. ಅದನ್ನು ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ತಲೆಗೆಷ್ಟು ಜಾಗ ಎಂದು ಗೊತ್ತಾಗುತ್ತದೆ. ಹಾಲೆಂಡ್ ಅಮೆರಿಕದ ಯೂರೋಡ್ಯಾಮ್ ಸುಮಾರು 86,000 ಟನ್ನೇಜಿನದು. ಪ್ರಯಾಣಿಕರು ಸುಮಾರು 2,100. ಭಾಗಲಬ್ಧ 41. ಅದೇ ಸಿಯಾಟಲಿನಿಂದ ಹೊರಡುವ, ಆಟದ ಕಾರು ಓಡಿಸುವ ಟ್ರ್ಯಾಕು, ಗದ್ದಲಗಳಿಂದ ತುಂಬಿದ ನಾರ್ವೇಜಿಯನ್ ಬ್ಲಿಸ್ ಸುಮಾರು 1,68,000 ಟನ್ನೇಜಿನದು, ಪ್ರಯಾಣಿಕರು 4,000. ಭಾಗಲಬ್ಧ 42! ಎರಡರಲ್ಲೂ ಎರಡು ಚಿಲ್ಲರೆ ಪ್ರಯಾಣಿಕರಿಗೆ ಒಬ್ಬ ಸಿಬ್ಬಂದಿ. ಕಾಗದದ ಮೇಲೆ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಕಾಣುವುದು ಅಲಾಸ್ಕಾದ ಜೂನೋ ಊರಿನಲ್ಲಿ ಇಳಿಯುವಾಗ. ಛತ್ರ ಎಷ್ಟು ವಿಶಾಲವಾದರೇನು, ಕೈ ತೊಳೆಯುವ ನಲ್ಲಿಯ ಮುಂದೆ ನಿಲ್ಲುವವರು ದುಪ್ಪಟ್ಟಾದರೆ ಸಾಲೂ ದುಪ್ಪಟ್ಟೇ. ಜೂನೋದವರಿಗೂ ಈ ಜನಜಂಗುಳಿ ಸಾಕಾಗಿ, 2024ರಿಂದ ದಿನಕ್ಕೆ ಐದೇ ದೊಡ್ಡ ಹಡಗು ಎಂಬ ಮಿತಿ ಬಂದಿದೆ.

ಇನ್ನು ದರ. ಬಂದರು ಶುಲ್ಕವನ್ನು ಬಚ್ಚಿಟ್ಟು ಕಡಿಮೆ ದರ ತೋರಿಸುವ ಹಳೇ ಚಾಳಿಗೆ ಕ್ಯಾಲಿಫೋರ್ನಿಯಾದ ಕಾನೂನು 2024ರ ಜುಲೈಯಿಂದ ಕಡಿವಾಣ ಹಾಕಿತು. ಆದರೂ ಸಿಬ್ಬಂದಿಯ ಟಿಪ್ಸ್ ಹೊರಗೇ ಉಳಿದಿದೆ. ಹಾಲೆಂಡ್ ಅಮೆರಿಕದಲ್ಲಿ ಅದು ತಲೆಗೆ ದಿನಕ್ಕೆ 17 ಡಾಲರಿನ ಆಸುಪಾಸು; ದಂಪತಿಗೆ ವಾರಕ್ಕೆ ಹತ್ತಿರಹತ್ತಿರ 240 ಡಾಲರ್. ವೈಫೈ, ಮದ್ಯ, ವಿಶೇಷ ರೆಸ್ಟೋರೆಂಟುಗಳ ಲೆಕ್ಕ ಬೇರೆ. ಇವೆಲ್ಲ ಸೇರಿದ ಪ್ಯಾಕೇಜನ್ನು ಕಂಪನಿ ಮುಂದೊಡ್ಡುತ್ತದೆ. ಕುಡಿಯದ, ಫೋನು ಮುಟ್ಟದ ಹಿರಿಯರಿಗೆ ಅದು ಶುದ್ಧ ನಷ್ಟ. ಜಾಹೀರಾತಿನ ದರ ಕ್ಯಾಬಿನ್ನಿಗೆ ಇಬ್ಬರು ಎಂಬ ಲೆಕ್ಕದ್ದು. ಒಂಟಿಯಾಗಿ ಹೊರಟವರು ಅನೇಕ ಬಾರಿ ಇಬ್ಬರ ದುಡ್ಡನ್ನೇ ತೆರಬೇಕಾಗುತ್ತದೆ.

ಹಾಗಾದರೆ ಹೆಚ್ಚಿನ ಹಣಕ್ಕೆ ನಿಜವಾದ ಫಲ ಎಲ್ಲಿ? ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿಗೆ ದಿನಕ್ಕೆ ಎರಡೇ ವಿಹಾರ ಹಡಗುಗಳಿಗೆ ಪ್ರವೇಶ. ಆ ಪರವಾನಗಿಗಳಲ್ಲಿ ದೊಡ್ಡ ಪಾಲು ಹಾಲೆಂಡ್ ಅಮೆರಿಕ ಮತ್ತು ಪ್ರಿನ್ಸೆಸ್ ಕಂಪನಿಗಳ ಕೈಯಲ್ಲಿದೆ. ಉದ್ಯಾನದ ರೇಂಜರುಗಳೇ ದೋಣಿಯಲ್ಲಿ ಬಂದು ಹಡಗು ಹತ್ತಿ ಹಿಮನದಿಗಳ ಕಥೆ ಹೇಳುತ್ತಾರೆ. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತಲ್ಲೇ ಮೆಲ್ಲಗೆ ತಿರುಗುತ್ತದೆ. ಎಡಬಲ ಎರಡೂ ಕಡೆಯವರಿಗೆ ನೋಟ ಸಿಗುತ್ತದೆ. ಆ ದಿನ ಯಾವ ಊರಿನಲ್ಲೂ ಇಳಿಯುವುದಿಲ್ಲ, ತಿಮಿಂಗಿಲ ನೋಡುವ ದೋಣಿ, ಹೆಲಿಕಾಪ್ಟರ್ ಎಂದು ಬೇರೆ ಟಿಕೆಟ್ ಕೊಳ್ಳುವುದೂ ಇಲ್ಲ. ಇಡೀ ಪ್ರವಾಸದ ಅತ್ಯುತ್ತಮ ದಿನಕ್ಕೆ ಬಿಡಿಗಾಸೂ ಹೆಚ್ಚಿಲ್ಲ. ಬಾಲ್ಕನಿಯೂ ಬೇಕಿಲ್ಲ, ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಹಿಡಿದವರು ಬೆಚ್ಚನೆಯ ಕೋಟು ತೊಟ್ಟು ಡೆಕ್ಕಿಗೆ ಬಂದರಾಯಿತು.

ಆದರೆ ಕಂಪನಿಯ ಎಲ್ಲ ಹಡಗುಗಳೂ ಪ್ರತಿ ಸಲ ಅಲ್ಲಿಗೆ ಹೋಗುತ್ತವೆಂದು ನಂಬಬಾರದು. ದಿನಚರಿಯ ಪಟ್ಟಿಯಲ್ಲಿ ಆ ಹೆಸರಿದ್ದರೆ ನಡುದರ್ಜೆಯ ಟಿಕೆಟ್ ದುಬಾರಿಯಲ್ಲ. ಇಲ್ಲದಿದ್ದರೆ, ಬರೀ ಊಟ ಮತ್ತು ಮನರಂಜನೆಗೆ ಅಗ್ಗದ ಹಡಗೇ ಸಾಕು.

ಅದೇ ಪಟ್ಟಿಯಲ್ಲಿ ಕೆನಡಾದ ವಿಕ್ಟೋರಿಯಾ ಊರೂ ಇರುತ್ತದೆ, ಬಹುಪಾಲು ಸಂಜೆಯ ಮೇಲೆ ಕೆಲವೇ ಗಂಟೆ. ವಿದೇಶಿ ಧ್ವಜದ ಹಡಗು ಅಮೆರಿಕದಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಹೊರದೇಶದ ಬಂದರನ್ನು ಮುಟ್ಟಲೇಬೇಕೆಂದು 1886ರ ಕಾನೂನು ಹೇಳುತ್ತದೆ. ಆ ನಿಲುಗಡೆ ಅದಕ್ಕಾಗಿ. ಹಾಗಾಗಿ ಭಾರತದಿಂದ ಪ್ರವಾಸಕ್ಕೆಂದು ಹೋದ ಹಿರಿಯರಿಗೆ ಕೆನಡಾದ ವೀಸಾ ಕೂಡ ಬೇಕು. ಅರ್ಜಿಗೆ 100, ಬೆರಳಚ್ಚಿಗೆ 85 ಕೆನಡಿಯನ್ ಡಾಲರ್. ಟಿಕೆಟ್ ಕೊಳ್ಳುವ ಮೊದಲೇ ಇದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಊರಿನಿಂದ ಹೊರಡುವ ಮುನ್ನವೇ ವೀಸಾ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.