ಸ್ಕೋರೇ ಇಲ್ಲದವನ ಕಾರು

ಇವತ್ತು ರಾಜಕೀಯ ಬೇಡ. ಇವತ್ತು ಕಾರಿನ ಮಾತು.

ಆಯುಧಪೂಜೆ ಮುಗಿದು ಹತ್ತು ದಿನ ಆಯ್ತು. ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೆದ್ದಾರಿಯಲ್ಲಿ ಇನ್ನೂ ಎಷ್ಟೋ ಗಾಡಿಗಳ ಮುಂದೆ ಒಣಗಿದ ಚೆಂಡುಹೂವಿನ ಹಾರ ತೂಗಾಡ್ತಿದೆ. ಹಬ್ಬಕ್ಕೆ ಮೊದಲೇ, 2025ರ ಸೆಪ್ಟೆಂಬರ್ 22ರಿಂದ, ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು. ನಾವು ಟಿವಿಯವರೆಲ್ಲ ಡಂಗುರ ಹೊಡೆದದ್ದೇ ಹೊಡೆದದ್ದು: ಕಾರು ಅಗ್ಗ, ಕಾರು ಅಗ್ಗ. ಅಗ್ಗವಾದ ಕಾರಿಗೂ ಸಾಲ ಸಿಗದವನ ಬಗ್ಗೆ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಹಬ್ಬದ ಮಾರನೇ ದಿನ ಶ್ರೀನಿವಾಸಪುರ ತಾಲ್ಲೂಕಿನ ಒಬ್ಬ ಹುಡುಗ ಫೋನ್ ಮಾಡಿದ. ದೂರದ ಪರಿಚಯ. ಹೆಸರು ಬೇಡ.

"ಅಣ್ಣಾ, ನನ್ಗೆ ಸ್ಕೋರೇ ಇಲ್ವಂತೆ."

"ಕಮ್ಮಿ ಇದೆಯೇನೋ?"

"ಕಮ್ಮಿ ಅಲ್ಲಣ್ಣಾ. ಇಲ್ವೇ ಇಲ್ವಂತೆ. ಮೈನಸ್ ಒಂದಂತೆ. ಸಾಲ ಮಾಡಿ ಮುಳುಗಿಸಿದ್ರೂ ಮುನ್ನೂರು ಕೊಡ್ತಾರಂತೆ, ಮಾಡದೇ ಇದ್ದೋನಿಗೆ ಮೈನಸ್ಸಾ?"

ನಗು ಬಂತು. ಆಮೇಲೆ ನಗು ನಿಂತುಹೋಯಿತು. ಈ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ.

ಅವನ ಲೆಕ್ಕ ಕೇಳಿ. ಎರಡು ಎಕರೆ ಮಾವು, ಮೂರು ಸೀಮೆಹಸು. ಸೀಸನ್‌ನಲ್ಲಿ ಇನ್ನೊಬ್ಬರ ಗಾಡಿ ಓಡಿಸಿ ಕೋಲಾರದ ಎಪಿಎಂಸಿಗೆ ಟೊಮೆಟೊ ಸಾಗಿಸ್ತಾನೆ. ಈಗ ಸ್ವಂತಕ್ಕೆ ಒಂದು ಹಳದಿ ಬೋರ್ಡಿನ ಸಣ್ಣ ಕಾರು ಬೇಕು. ಊರಿಂದ ಬೆಂಗಳೂರಿನ ಆಸ್ಪತ್ರೆಗೆ, ಮದುವೆಗೆ, ಏರ್‌ಪೋರ್ಟಿಗೆ ಬಾಡಿಗೆ ಇದ್ದೇ ಇದೆ. ಶೋರೂಮಿನವರು ಸ್ವೀಟು ಕೊಟ್ಟು ಕೂರಿಸಿದರು. ಆಧಾರ್, ಪ್ಯಾನ್ ತಗೊಂಡು ಹತ್ತು ನಿಮಿಷಕ್ಕೆ ವಾಪಸ್ ಬಂದು, "ಸಾರ್, ನಿಮ್ಮ ಸಿಬಿಲ್ ಬರ್ತಿಲ್ಲ" ಅಂದರು. ಒಂದು ಬ್ಯಾಂಕಿನ ಶಾಖೆಗೆ ಹೋದ. ಅಲ್ಲೂ ಅದೇ ಮಾತು.

ಇವನು ಸಾಲವನ್ನೇ ಮಾಡಿಲ್ವಾ? ಮಾಡಿದಾನೆ ಸ್ವಾಮಿ, ಹುಟ್ಟಿದಾಗಿನಿಂದ ಮಾಡಿದಾನೆ! ಬಿತ್ತನೆಗೆ ಮಂಡಿ ಸಾಹುಕಾರರ ಮುಂಗಡ. ತಂಗಿ ಮದುವೆಗೆ ಚೀಟಿ ಎತ್ತಿದ್ದು. ಅಮ್ಮನ ಸರ ಗಿರವಿ ಅಂಗಡಿಗೆ ಹೋಗಿದ್ದು, ಬಂದಿದ್ದು, ಮತ್ತೆ ಹೋಗಿದ್ದು. ಪ್ರತಿ ರೂಪಾಯಿಯೂ ತೀರಿದೆ. ತೀರದಿದ್ದರೆ ಮುಂದಿನ ಸಲ ಮಂಡಿಯವರು ಮುಂಗಡ ಕೊಡ್ತಿದ್ರಾ? ಸೇಠು ಬಾಗಿಲು ತೆಗೀತಿದ್ನಾ? ಆದರೆ ಸೇಠು ತನ್ನ ಪುಸ್ತಕವನ್ನ ಮುಂಬೈಗೆ ಕಳಿಸಲ್ಲ. ಮಂಡಿಯ ಚೀಟಿ ಯಾವ ಕಂಪ್ಯೂಟರಿಗೂ ಹೋಗಲ್ಲ. ಊರಿಗೆಲ್ಲ ಗೊತ್ತಿರುವ ನಂಬಿಕಸ್ಥ, ಕಡತದಲ್ಲಿ ಹುಟ್ಟೇ ಇಲ್ಲ.

ಈ ಕಡತ ಏನು, ಎಲ್ಲಿಂದ ಬಂತು? ಸಿಬಿಲ್ ಅನ್ನೋದು 2000ರಲ್ಲಿ ಶುರುವಾದ ಒಂದು ಕಂಪನಿ. ಆಮೇಲೆ 2005ರಲ್ಲಿ ಕಾನೂನು ಬಂತು. ಈಗ ಇಂಥ ಕಂಪನಿಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. ಬ್ಯಾಂಕು, ಫೈನಾನ್ಸ್ ಕಂಪನಿಗಳು ನಮ್ಮ ಸಾಲದ ಜಾತಕವನ್ನ ಇವರಿಗೆ ಕಳಿಸ್ತವೆ. ಅದರ ಮೇಲೆ 300ರಿಂದ 900ರೊಳಗೆ ಒಂದು ಅಂಕಿ. ಏನೂ ಇಲ್ಲದವನಿಗೆ ಮೈನಸ್ ಒಂದು, ಇಲ್ಲವೇ ಎನ್‌ಎಚ್, ಅಂದ್ರೆ ಇತಿಹಾಸವಿಲ್ಲ. ಮೈನಸ್ ಒಂದು ಅನ್ನೋದು ಶಿಕ್ಷೆ ಅಲ್ಲ, ಖಾಲಿ ಹಾಳೆ. ಆದರೆ ಕೌಂಟರಿನಲ್ಲಿ ಕೂತವರಿಗೆ ಖಾಲಿ ಹಾಳೆಯೂ ಒಂದೇ, ಕೆಂಪು ಗೆರೆ ಬಿದ್ದ ಹಾಳೆಯೂ ಒಂದೇ. ನನ್ನ ತಕರಾರು ಇರೋದು ಇಲ್ಲೇ.

ಹಾಗಂತ ಕಡತವೇ ತಪ್ಪು ಅನ್ನೋಕೆ ನಾನು ತಯಾರಿಲ್ಲ. ಅದರಲ್ಲೂ ಕೋಲಾರದಲ್ಲಿ ನಿಂತು ಹಾಗೆ ಹೇಳೋಕೆ ಬರಲ್ಲ. 2009 ನೆನಪಿದೆಯಾ? ಮೈಕ್ರೋಫೈನಾನ್ಸ್ ಕಂಪನಿಗಳು ಒಂದೇ ಬೀದಿಗೆ, ಒಂದೇ ಮನೆಗೆ ಒಂದರ ಹಿಂದೆ ಒಂದು ಬಂದು ಸಾಲ ಕೊಟ್ಟವು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗುವ ವ್ಯವಸ್ಥೆಯೇ ಇರಲಿಲ್ಲ. ರೇಷ್ಮೆ ಕೆಲಸ ಕುಸಿದಾಗ ಕಂತು ಕಟ್ಟೋಕಾಗದೆ ಹೆಣ್ಣುಮಕ್ಕಳು ಒಂದು ಸಾಲ ತೀರಿಸೋಕೆ ಇನ್ನೊಂದು ಸಾಲ ಮಾಡಿದರು. ಕೊನೆಗೆ ಕೋಲಾರ ಪಟ್ಟಣದಲ್ಲಿ ಅಂಜುಮನ್ ಸಮಿತಿ ಕಂತು ಕಟ್ಟಬೇಡಿ ಅಂತ ಕರೆಕೊಟ್ಟಿತು, ವಸೂಲಿ ನಿಂತೇಹೋಯಿತು. ಮರುವರ್ಷ ಆಂಧ್ರದಲ್ಲಿ ಇನ್ನೂ ದೊಡ್ಡದಾಗಿ ಸ್ಫೋಟವಾಯ್ತು. ಅದಾದ ಮೇಲೆಯೇ ಮೈಕ್ರೋಫೈನಾನ್ಸ್ ಸಾಲಗಳನ್ನೂ ಒಂದು ಕಡೆ ದಾಖಲು ಮಾಡುವ ಕೆಲಸ ಗಟ್ಟಿಯಾಗಿ ಶುರುವಾಗಿದ್ದು. ಯಾರಿಗೆ ಎಷ್ಟು ಸಾಲ ಇದೆ ಅಂತ ಗೊತ್ತಿಲ್ಲದೆ ಕೊಟ್ಟರೆ ಏನಾಗುತ್ತೆ ಅನ್ನೋದನ್ನ ಈ ಜಿಲ್ಲೆ ಅನುಭವಿಸಿ ನೋಡಿದೆ.

ಸರಿ, ಹುಡುಗನ ವಿಷಯಕ್ಕೆ ಬರೋಣ. ನಾನು ಅವನಿಗೆ ಕೇಳಿದ ಮೊದಲ ಪ್ರಶ್ನೆ: "ಆಗಲ್ಲ ಅಂತ ಬರೆದುಕೊಟ್ಟರಾ?" "ಇಲ್ಲಣ್ಣಾ, ಬಾಯಲ್ಲಿ ಹೇಳಿದ್ರು." ಇದು ಎಲ್ಲ ಕಡೆ ನಡೆಯೋದು. ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣವನ್ನ ಬರಹದಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2007ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಎಷ್ಟೇ ಮೊತ್ತದ ಸಾಲವಾಗಲಿ. ನಾವು ಕೇಳಲ್ಲ, ಅವರು ಕೊಡಲ್ಲ.

ಇನ್ನೊಂದು ಇದೆ. 2025ರ ಆಗಸ್ಟ್‌ನಲ್ಲಿ ಹಣಕಾಸು ಖಾತೆ ರಾಜ್ಯ ಸಚಿವ ಪಂಕಜ್ ಚೌಧರಿ ಸಂಸತ್ತಿನಲ್ಲಿ ಉತ್ತರ ಕೊಟ್ಟರು. ಸಾಲಕ್ಕೆ ಇಷ್ಟೇ ಸ್ಕೋರ್ ಇರಬೇಕು ಅಂತ ರಿಸರ್ವ್ ಬ್ಯಾಂಕ್ ಯಾವ ಕನಿಷ್ಠ ಮಿತಿಯನ್ನೂ ಹಾಕಿಲ್ಲ. ಮೊದಲ ಬಾರಿ ಸಾಲ ಕೇಳುವವರನ್ನ ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ವಾಪಸ್ ಕಳಿಸಬಾರದು. 2025ರ ಜನವರಿ 6ರ ರಿಸರ್ವ್ ಬ್ಯಾಂಕ್ ನಿರ್ದೇಶನದಲ್ಲೇ ಇದು ಇದೆ ಅಂದರು. ಹುಷಾರು, ಇದರರ್ಥ ಕೇಳಿದ ತಕ್ಷಣ ಸಾಲ ಕೊಡಬೇಕು ಅಂತಲ್ಲ. ಆದಾಯ ನೋಡಬಹುದು, ತೀರಿಸುವ ಶಕ್ತಿ ನೋಡಬಹುದು, ನೋಡಲೇಬೇಕು. ಕಂಪ್ಯೂಟರ್ ನೋಡಿ ಫೈಲ್ ಮುಚ್ಚಬಾರದು, ಅಷ್ಟೇ. ಆಗ ಇವನ ಹತ್ರ ತೋರಿಸೋಕೆ ಏನಿದೆ? ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆ ಇದೆ. ಲೀಟರಿಗೆ ಐದು ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಖಾತೆಗೇ ಬೀಳುತ್ತೆ. ಮಾವಿನ ದುಡ್ಡನ್ನ ನಗದಾಗಿ ತಗೊಂಡು ಜೇಬಲ್ಲೇ ಇಟ್ಕೊಂಡಿದ್ದಾನೆ, ಅದು ಅವನ ತಪ್ಪು. ಖಾತೆಗೆ ಹಾಕಿದ್ದರೆ ಇವತ್ತು ಮಾತಾಡ್ತಿತ್ತು. ಹಾಗೇ ಅಮ್ಮನ ಸರ ಗಿರವಿ ಅಂಗಡಿಗೆ ಹೋಗುವ ಬದಲು ಬ್ಯಾಂಕಿನ ಚಿನ್ನದ ಸಾಲಕ್ಕೆ ಹೋಗಿದ್ದರೆ ತೀರಿಸಿದ್ದು ದಾಖಲಾಗ್ತಿತ್ತು. ಬಡ್ಡಿಯೂ ಕಮ್ಮಿ.

ಸ್ಕೋರ್ ಕೆಟ್ಟವರ ಕಥೆ ಬೇರೆ. ಮಾಲೂರಿನಲ್ಲಿ ಒಬ್ಬ ಕಾರ್ಮಿಕ ಸಿಕ್ಕಿದ. ಕಂಟ್ರಾಕ್ಟರ್ ಕಡೆಯಿಂದ ಫ್ಯಾಕ್ಟರಿ ಕೆಲಸ. ಕೆಲವು ವರ್ಷದ ಹಿಂದೆ ಮೊಬೈಲ್ ಫೋನನ್ನ ಕಂತಿನಲ್ಲಿ ತಗೊಂಡಿದ್ದ. ಸಂಬಳ ತಡವಾಯ್ತು, ಎರಡು ಕಂತು ಬೌನ್ಸ್. (ಈ ಕಡೆ ಸಂಬಳ ತಡವಾಗೋದು ಸಣ್ಣ ವಿಷಯ ಅಲ್ಲ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಒಡೆದದ್ದು ಸಂಬಳದ ಸಿಟ್ಟಿಗೇ.) ವಸೂಲಿಯವರು ಫೋನ್ ಮಾಡಿ "ಅರ್ಧ ಕಟ್ಟಿ, ಸೆಟ್ಲ್ ಮಾಡ್ತೀವಿ" ಅಂದರು. ಕಟ್ಟಿದ, ಮುಗೀತು ಅನ್ಕೊಂಡ. ರಿಪೋರ್ಟಿನಲ್ಲಿ "ಕ್ಲೋಸ್ಡ್" ಅಂತ ಬರಲಿಲ್ಲ, "ಸೆಟ್ಲ್ಡ್" ಅಂತ ಬಂತು. ಕೇಳೋಕೆ ಎರಡೂ ಒಂದೇ ಥರ. ಬ್ಯಾಂಕಿನ ಕಣ್ಣಿಗೆ ಎರಡನೆಯದು, ಪೂರ್ತಿ ಕಟ್ಟದೆ ಕೈ ತೊಳಕೊಂಡವನು ಅಂತ. ಈ ದಾಖಲೆ ಕನಿಷ್ಠ ಏಳು ವರ್ಷ ಇರುತ್ತೆ. ಕೆಲವೇ ಸಾವಿರದ ಫೋನು, ಲಕ್ಷಗಳ ಕಾರಿಗೆ ಅಡ್ಡ ನಿಂತಿದೆ. ಅವನಿಗೆ ಇರುವ ದಾರಿ, ಉಳಿದ ಬಾಕಿ ಕಟ್ಟಿ, ನೋ ಡ್ಯೂ ಪತ್ರ ತಗೊಂಡು, ದಾಖಲೆ ತಿದ್ದಿಸೋದು.

ನನ್ನದೂ ಒಂದಿದೆ, ಹೇಳಿಬಿಡ್ತೀನಿ. ವರದಿಗಾರನಾಗಿದ್ದಾಗ ಸ್ನೇಹಿತನ ಗಾಡಿ ಸಾಲಕ್ಕೆ ಜಾಮೀನು ಸಹಿ ಹಾಕಿದ್ದೆ. ಟೀ ಕುಡೀತಾ ಹಾಕಿದ ಸಹಿ. ಅವನು ಕಟ್ಟಲಿಲ್ಲ. ವರ್ಷಗಳ ಮೇಲೆ ನಾನು ಕಾರಿಗೆ ಅರ್ಜಿ ಹಾಕಿದಾಗ ಆ ಸಾಲ ನನ್ನ ರಿಪೋರ್ಟಿನಲ್ಲಿ ಕೂತಿತ್ತು! ಆಮೇಲೆ ಅವನು ತೀರಿಸಿದ ಮೇಲೂ ಆ ಫೈನಾನ್ಸಿನವರು ತಿಂಗಳುಗಟ್ಟಲೆ ಅದನ್ನ ಸರಿಮಾಡಲಿಲ್ಲ. ಆಗ ಕೇಳೋಕೆ ದಾರಿ ಇರಲಿಲ್ಲ. ಈಗ ಇದೆ. ದೂರು ಕೊಟ್ಟು 30 ದಿನದಲ್ಲಿ ತಿದ್ದದಿದ್ದರೆ, ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ವರ್ಷಕ್ಕೊಮ್ಮೆ ನಾಲ್ಕೂ ಕಂಪನಿಗಳು ಪೂರ್ತಿ ರಿಪೋರ್ಟನ್ನ ಪುಕ್ಕಟೆ ಕೊಡಬೇಕು. ಮೊದಲು ಅದನ್ನ ತೆಗೆದು ನೋಡಿ, ಆಮೇಲೆ ಶೋರೂಮಿಗೆ ಹೋಗಿ. ಅಲ್ಲಿ ಹೋಗಿ "ಎಲ್ಲಾದ್ರೂ ಮಾಡ್ಸಿಕೊಡಿ ಸಾರ್" ಅನ್ನಬೇಡಿ. ಅವರು ಒಂದೇ ದಿನ ಐದಾರು ಕಡೆ ಫೈಲ್ ಹಾಕ್ತಾರೆ. ಪ್ರತಿ ಸಲ ಬ್ಯಾಂಕಿನವರು ನಿಮ್ಮ ಕಡತ ತೆಗೆದದ್ದೂ ಬರೆದಿರುತ್ತೆ. ಇವನು ಎಲ್ಲರ ಹತ್ರ ಕೈಚಾಚ್ತಿದಾನೆ ಅಂತ ಸ್ಕೋರ್ ಇನ್ನೂ ಇಳಿಯುತ್ತೆ.

ಇನ್ನು ನನಗೆ ನಿಜವಾಗಿ ಭಯ ಹುಟ್ಟಿಸಿದ ಜಾಗ. ಬ್ಯಾಂಕ್ ಬೇಡ ಅಂದವನು ಎಲ್ಲಿಗೆ ಹೋಗ್ತಾನೆ? ಮುಳಬಾಗಿಲು ಕಡೆ ರಸ್ತೆ ಬದಿಯಲ್ಲಿ ಹಳೇ ಕಾರು ಮಾರುವ ಒಂದು ಕಡೆ ಹುಡುಗನ ಜೊತೆ ಹೋಗಿದ್ದೆ. ಸಿಬಿಲ್ ಬೇಕಿಲ್ಲ, ಆಧಾರ್ ಸಾಕು ಅಂತ ಬೋರ್ಡು. ಮೂರು ಲಕ್ಷ ಸಾಲ, ನಾಲ್ಕು ವರ್ಷ, "ಬರೀ ಹನ್ನೆರಡು ಪರ್ಸೆಂಟು ಸಾರ್, ಬ್ಯಾಂಕಿನಷ್ಟೇ." ಕಂತು ಎಷ್ಟು? 9,250. ಅಲ್ಲೇ ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಬ್ಯಾಂಕಿನ ಹನ್ನೆರಡು ಅಂದ್ರೆ, ಕಟ್ಟುತ್ತಾ ಹೋದ ಹಾಗೆ ಉಳಿದ ಅಸಲಿಗೆ ಮಾತ್ರ ಬಡ್ಡಿ. ಆಗ ಕಂತು 7,900, ನಾಲ್ಕು ವರ್ಷದ ಬಡ್ಡಿ 79,200. ಇವರದ್ದು ಫ್ಲಾಟ್. ಅಂದ್ರೆ ನೀವು ಎರಡೂವರೆ ಲಕ್ಷ ತೀರಿಸಿದ ಮೇಲೂ ಬಡ್ಡಿ ಮೂರು ಲಕ್ಷಕ್ಕೇ. ಒಟ್ಟು ಬಡ್ಡಿ 1,44,000. ಬ್ಯಾಂಕಿನ ಲೆಕ್ಕಕ್ಕೆ ತಂದರೆ ಅದು ಹನ್ನೆರಡಲ್ಲ, ಇಪ್ಪತ್ತೊಂದರ ಹತ್ತಿರ. ಇದರ ಮೇಲೆ ಸಹಿ ಹಾಕಿದ ಖಾಲಿ ಚೆಕ್ಕು, ಆರ್‌ಸಿ ಅವರ ಕೈಯಲ್ಲಿ, ಇನ್ನೊಂದು ಕೀ ಅವರ ಹತ್ರ. ಇನ್ನೊಂದು ಕೀ ಯಾಕೆ ಅಂತ ಕೇಳಿದೆ. ನಕ್ಕರು.

ಗಾಡಿ ಎತ್ತಿಕೊಂಡು ಹೋಗೋಕೆ ಗೂಂಡಾಗಳನ್ನ ಕಳಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಎಲ್ಲ ಸೇರಿಸಿ ವರ್ಷದ ಖರ್ಚು ನಿಜವಾಗಿ ಎಷ್ಟು ಪರ್ಸೆಂಟ್ ಬೀಳುತ್ತೆ ಅನ್ನೋ ಒಂದು ಹಾಳೆಯನ್ನ, ಅಂದ್ರೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟನ್ನ, ಸಾಲಕ್ಕೆ ಮೊದಲೇ ಕೊಡಬೇಕು ಅಂತ 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳಿಗೂ ಫೈನಾನ್ಸ್ ಕಂಪನಿಗಳಿಗೂ ನಿಯಮ ಇದೆ. ಆ ಹಾಳೆ ಕೊಡಿ ಅಂದೆ. "ಅದೆಲ್ಲ ಇಲ್ಲ ಸಾರ್, ನಂಬಿಕೆ ಮೇಲೆ ವ್ಯವಹಾರ." ನಂಬಿಕೆಯಂತೆ, ಕೀ ಮಾತ್ರ ಎರಡು!

ಹುಡುಗ ಅಲ್ಲಿ ಸಹಿ ಹಾಕಲಿಲ್ಲ. ವಾಪಸ್ ಬರ್ತಾ ಕಾರಿನಲ್ಲಿ ನಾನು ಸುಮ್ಮನೆ ಕೇಳಿದೆ, "ಮನೇಲಿ ಇನ್ಯಾರಾದ್ರೂ ಸಾಲ ತಗೊಂಡಿದಾರೇನೋ?"

"ಅಮ್ಮ ಸಂಘದಲ್ಲಿದಾರೆ. ಮೈಕ್ರೋಫೈನಾನ್ಸ್‌ನಲ್ಲೂ ಹಸು ತಗೊಳ್ಳೋಕೆ ಮೂರು ಸಲ ತಗೊಂಡವ್ರೆ. ಒಂದು ಕಂತೂ ತಪ್ಪಿಸಿಲ್ಲ, ಮಳೆ ಬರ್ಲಿ, ಜ್ವರ ಬರ್ಲಿ."

ಸಂಘದ ಸಾಲ ಸಂಘದ ಹೆಸರಿನಲ್ಲಿರುತ್ತೆ, ಅದರಿಂದ ಒಬ್ಬೊಬ್ಬರ ಕಡತಕ್ಕೆ ಹೆಚ್ಚೇನೂ ಸಿಗಲ್ಲ. ಮೈಕ್ರೋಫೈನಾನ್ಸ್ ಸಾಲ ಹಾಗಲ್ಲ, ಅವರವರ ಹೆಸರಿನಲ್ಲೇ ದಾಖಲಾಗಿರುತ್ತೆ. ಅಮ್ಮನ ರಿಪೋರ್ಟ್ ತೆಗೆಸಿದೆವು. ಏಳುನೂರರ ಮೇಲೆ! ಹಾಲು ಹಾಕೋದು ಅಮ್ಮ, ಡೇರಿ ಖಾತೆ ಅಮ್ಮನದು, ಕಂತು ಕಟ್ಟಿದ್ದು ಅಮ್ಮ. ಆ ಮನೆಯಲ್ಲಿ ಸಾಲದ ಇತಿಹಾಸ ಇರೋದು ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸಿಗೆ. ಶೋರೂಮಿನಲ್ಲಿ, ಬ್ಯಾಂಕಿನಲ್ಲಿ ಯಾರೂ ಮನೇಲಿ ಯಾರಿದ್ದಾರೆ ಅಂತ ಕೇಳಲೇ ಇಲ್ಲ. ನಾನೂ ಕೇಳಿದ್ದು ಹತ್ತು ಸುತ್ತು ಹೊಡೆದ ಮೇಲೆ.

ಸೋಮವಾರ ಇಬ್ಬರೂ ಅದೇ ಶಾಖೆಗೆ ಹೋದರು. ಈ ಸಲ ಮಗ ಒಂದು ಅರ್ಜಿ ಬರೆದುಕೊಂಡು ಹೋಗಿದ್ದ: ನಮ್ಮ ಹಿಂದಿನ ಅರ್ಜಿಯನ್ನ ಯಾವ ಕಾರಣಕ್ಕೆ ತಿರಸ್ಕರಿಸಿದಿರಿ, ದಯವಿಟ್ಟು ಬರಹದಲ್ಲಿ ತಿಳಿಸಿ. ಮ್ಯಾನೇಜರ್ ಅದನ್ನ ಎರಡು ಸಲ ಓದಿ, ಕೂರಿ ಅಂದರಂತೆ. ಅಮ್ಮನ ಡೇರಿ ಪಾಸ್‌ಬುಕ್ ತಿರುವಿ ಹಾಕಿದರಂತೆ. ಮುಂಗಡ ಜಾಸ್ತಿ ಕಟ್ಟಬೇಕು, ಅಮ್ಮ ಅರ್ಜಿದಾರರಾಗಲಿ, ಮಗ ಜೊತೆಗಿರಲಿ, ಮೇಲಿನವರಿಗೆ ಕಳಿಸ್ತೀನಿ ಅಂದಿದ್ದಾರೆ. ಫೈಲ್ ಹೋಗಿದೆ. ದೀಪಾವಳಿಯೊಳಗೆ ಬರುತ್ತೋ ಇಲ್ವೋ ಗೊತ್ತಿಲ್ಲ.

ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದ.

"ಅಣ್ಣಾ, ಗಾಡಿ ಬಂದ್ರೆ ಆರ್‌ಸಿ ಅಮ್ಮನ ಹೆಸ್ರಲ್ಲಂತೆ."

"ಅದಕ್ಕೇನೋ ಈಗ?"

"ಏನಿಲ್ಲ. ಕುರುಡುಮಲೆ ಗಣಪತಿ ಮುಂದೆ ಪೂಜೆ ಮಾಡ್ಸಿದ್ಮೇಲೆ ಮೊದಲು ಮುಂದಿನ ಸೀಟಲ್ಲಿ ತಾನೇ ಕೂರೋದು ಅಂತ ಈಗ್ಲೇ ಹೇಳ್ಬಿಟ್ಟವ್ರೆ. ಬಾಡಿಗೆ ದುಡ್ಡೂ ಅವ್ರ ಖಾತೆಗೇ ಹಾಕ್ಬೇಕಂತೆ."

ಮಂಜೂರಾದ ದಿನ ನಿಮಗೂ ಹೇಳ್ತೀನಿ. ಆಗದಿದ್ದರೆ, ಯಾಕೆ ಆಗಲಿಲ್ಲ ಅಂತ ಬ್ಯಾಂಕು ಬರೆದುಕೊಟ್ಟ ಕಾಗದವನ್ನ ಇದೇ ಟೇಬಲ್ ಮೇಲೆ ಇಟ್ಟು ಓದ್ತೀನಿ.