ಗುಡ್ಡ, ಮಳೆ ಮತ್ತು ನಮ್ಮ ಹಸುವಿನ ಮೇವು

(ಸದಾಶಿವಗಡದ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಸದಾಶಿವಗಡದ ಕೋಟೆಗುಡ್ಡ ಹತ್ತಿ ನಿಂತರೆ ನಮ್ಮ ಸೀಮೆಯ ರಚನೆ ಒಂದೇ ನೋಟಕ್ಕೆ ತಿಳಿಯುತ್ತದೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ, ದಕ್ಷಿಣಕ್ಕೆ ಕಡಲು ಸೇರುವ ಕಾಳಿ ನದಿ. ನಡುವಿನ ಕಿರಿದಾದ ಪಟ್ಟಿಯಲ್ಲೇ ನಮ್ಮ ಮನೆ, ಗದ್ದೆ, ಕೊಟ್ಟಿಗೆ.

ಕಡಲಿನಿಂದ ಬೀಸುವ ನೈರುತ್ಯ ಮಾರುತವನ್ನು ಸಹ್ಯಾದ್ರಿ ತಡೆಯುತ್ತದೆ. ಗಾಳಿ ಮೇಲೇರಿ ತಣಿದು ಮಳೆ ಸುರಿಯುತ್ತದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ; ಘಟ್ಟದಾಚೆ ಹಳಿಯಾಳದಲ್ಲಿ ಇದರ ಅರ್ಧವೂ ಇಲ್ಲ.

ಯುರೋಪಿನ ಆಲ್ಪ್ಸ್ ಪರ್ವತಗಳು ಸಹ್ಯಾದ್ರಿಗಿಂತ ಬಹಳ ಎತ್ತರ. ಅಲ್ಲಿನ ರೈತರು ಬೇಸಿಗೆಯಲ್ಲಿ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಕಳಿಸಿ, ಕೆಳಗಿನ ಹುಲ್ಲು ಕೊಯ್ದು ಒಣಗಿಸುತ್ತಾರೆ. ದೊಡ್ಡಹಬ್ಬಕ್ಕೆ ನಾವು ಮಾಲೆ ಕಟ್ಟುವಂತೆ ಅವರೂ ದನಗಳನ್ನು ಸಿಂಗರಿಸಿ ಕೆಳಗಿಳಿಸುತ್ತಾರೆ. ಹಿಮಗಾಲವಿಡೀ ಆ ಒಣಹುಲ್ಲೇ ಆಧಾರ. ಅವರಿಗೆ ಹಿಮ ಹೇಗೋ ನಮಗೆ ಮಳೆ ಹಾಗೆ.

ಮಳೆಗಾಲದಲ್ಲಿ ಹಸಿಹುಲ್ಲು ಧಾರಾಳವಲ್ಲವೇ ಎಂದು ಕೇಳಬಹುದು. ಎಳೆಹುಲ್ಲಿನಲ್ಲಿ ನೀರೇ ಹೆಚ್ಚು, ನಾರು ಕಡಿಮೆ. ಅದೊಂದನ್ನೇ ತಿಂದರೆ ಸಗಣಿ ತೆಳುವಾಗುತ್ತದೆ, ಹಾಲಿನ ಜಿಡ್ಡು ಇಳಿಯುತ್ತದೆ. ಸಂಘದಲ್ಲಿ ಸಿಗುವ ದರವೂ ಇಳಿಯುತ್ತದೆ. ಹಸುವೊಂದಕ್ಕೆ ದಿನಕ್ಕೆ 5 ಕಿಲೋ ಒಣಹುಲ್ಲಿನಂತೆ ಲೆಕ್ಕ ಹಾಕಿದರೆ ನಾಲ್ಕು ತಿಂಗಳಿಗೆ 600 ಕಿಲೋ ಬೇಕು. ಮಳೆ ಹಿಡಿದ ಮೇಲೆ ಘಟ್ಟದ ಮೇಲಿನಿಂದ ತರಿಸುವುದು ದುಬಾರಿ. ಬೇಣದ ಕರಡವನ್ನು ಹೂ ಬಿಡುವ ಹೊತ್ತಿಗೆ ಕೊಯ್ದು ಒಣಗಿಸಿರಿ. ಬಲಿತ ಮೇಲೆ ಅದರಲ್ಲಿ ಸತ್ವ ಉಳಿಯದು. ಬಣವೆಯನ್ನು ನೆಲಕ್ಕೆ ತಾಗದಂತೆ ಎತ್ತರದಲ್ಲಿ ಒಟ್ಟಿರಿ. ಬೂಸ್ಟು ಹಿಡಿದ ಹುಲ್ಲು ಹಾಕಬೇಡಿರಿ.

ಇನ್ನೊಂದು ಮಾತು. ಇದೇ ಮಳೆ ಚಿರೆಕಲ್ಲಿನ ಗುಡ್ಡದ ಮಣ್ಣಿನಿಂದ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ. ಈ ಮಣ್ಣಿನಲ್ಲಿ ರಂಜಕವೂ ಹುಲ್ಲಿಗೆ ದಕ್ಕುವುದು ಕಡಿಮೆ. ಹಸು ಎಲುಬು, ಬಟ್ಟೆ ಅಗಿಯುತ್ತಿದ್ದರೆ, ಸಕಾಲಕ್ಕೆ ಬೆದೆಗೆ ಬಾರದಿದ್ದರೆ ಈ ಕೊರತೆ ಇರಬಹುದು, ವೈದ್ಯರಿಗೆ ತೋರಿಸಿರಿ. ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ತಪ್ಪದೆ ಕೊಡಿರಿ.

ಕೊಟ್ಟಿಗೆಗಾಗಿ ಗುಡ್ಡದ ಬುಡ ಕಡಿಯಬೇಡಿರಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ಯಾರೂ ಮರೆತಿಲ್ಲ. ನೀರು ಕುಡಿದ ಮಣ್ಣಿಗೆ ಬುಡದ ಆಸರೆ ತಪ್ಪಿದರೆ ಅದು ನಿಲ್ಲದು.

ಗುಡ್ಡವನ್ನು ಬದಲಿಸಲು ನಮ್ಮಿಂದಾಗದು. ಅದರ ಗುಣವರಿತು ಮಳೆಗೆ ಮುಂಚೆಯೇ ಹುಲ್ಲು ಕೂಡಿಟ್ಟರೆ ಆಷಾಢದಲ್ಲೂ ಹಾಲಿನ ಕ್ಯಾನು ಬರಿದಾಗದು.