ಒಂದು ಮರ, ಒಂದು ಮರಿ: ಹಿಡಿಬಾಲದ ಹಾವುರಾಣಿಯನ್ನು ಸಾಕುವ ಮುನ್ನ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಗಾಲದಲ್ಲಿ ಪತ್ರೊಡೆ ಮಾಡದ ಮನೆ ಮಲೆನಾಡಿನಲ್ಲಿ ಅಪರೂಪ. ಕೆಸುವಿನ ಎಲೆಗೆ ಹುಣಸೆಹುಳಿ ಬೀಳದಿದ್ದರೆ, ಅದು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಎಲೆಯೊಳಗೆ ಸೂಜಿಮೊನೆಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಕಿಟಕಿಯ ಬಳಿ ಬಾಟಲಿಯ ನೀರಿನಲ್ಲಿ ಬೆಳೆಸುವ ಮನಿ ಪ್ಲಾಂಟ್ ಕೂಡ ಕೆಸುವಿನ ಕುಟುಂಬಕ್ಕೇ ಸೇರಿದ ಬಳ್ಳಿ. ಅದರ ಎಲೆಯಲ್ಲಿಯೂ ಇವೇ ಹರಳುಗಳು. ದನಕರು, ನಾಯಿ, ಬೆಕ್ಕು ಕಚ್ಚಿದರೆ ಬಾಯಿ ಉರಿಯುತ್ತದೆ.

ಇಂತಹ ಬಳ್ಳಿಗಳ ಎಲೆಯನ್ನು ಹಸಿಯಾಗಿಯೇ ಮೇದು ಜೀರ್ಣಿಸಿಕೊಳ್ಳುವ ಸರೀಸೃಪವೊಂದಿದೆ. ಅದು ವಾಸಿಸುವುದು ಇಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳಲ್ಲಿ. ಜೀವವಿಜ್ಞಾನದಲ್ಲಿ ಅದರ ಹೆಸರು ಕೊರೂಸಿಯಾ ಜೀಬ್ರಾಟಾ. ಬಾಲದಿಂದ ಕೊಂಬೆಯನ್ನು ಸುತ್ತಿ ಹಿಡಿಯುವುದರಿಂದ ಕನ್ನಡದಲ್ಲಿ ಅದನ್ನು ಹಿಡಿಬಾಲದ ಹಾವುರಾಣಿ ಎನ್ನಬಹುದು. ಜಗತ್ತಿನ ಹಲವೆಡೆ ಜನರು ಈ ಪ್ರಾಣಿಯನ್ನು ಪಂಜರದಲ್ಲಿ ಸಾಕುತ್ತಾರೆ. ಅದನ್ನು ಹೇಗೆ ಸಾಕಬೇಕು ಎಂಬುದು ಇಂದಿನ ಮಾತಿನ ವಿಷಯ. ಆದರೆ ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಹುಡುಕಿದಷ್ಟೂ, ಸಾಕಬೇಕೇ ಎಂಬ ಇನ್ನೊಂದು ಪ್ರಶ್ನೆ ಎದುರಾಗುತ್ತದೆ.

ಮಲೆನಾಡಿನ ಹಾವುರಾಣಿಯನ್ನು ನೋಡದವರಿಲ್ಲ. ತೋಟದ ದರಗಿನಲ್ಲಿ, ಕಲ್ಲುಕಟ್ಟೆಯ ಸಂದಿನಲ್ಲಿ ಸರಸರನೆ ಹರಿದು ಮರೆಯಾಗುವ, ಹುಳುಹುಪ್ಪಟೆ ತಿಂದು ಬದುಕುವ, ನುಣುಪು ಮೈಯ ಜೀವಿ ಅದು. ಸೊಲೊಮನ್ ದ್ವೀಪಗಳ ಈ ಬಂಧುವಿನ ಜೀವನಕ್ರಮ ಬೇರೆಯೇ. ಇಂದು ಬದುಕಿರುವ ಹಾವುರಾಣಿ ಜಾತಿಗಳಲ್ಲೆಲ್ಲ ಇದೇ ದೊಡ್ಡದು. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ 70ರಿಂದ 80 ಸೆಂಟಿಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ಮೈ ಹಸಿರುಮಿಶ್ರಿತ ಬೂದು, ತಲೆ ತ್ರಿಕೋನಾಕಾರ, ದವಡೆ ಬಲಿಷ್ಠ, ಉಗುರುಗಳು ಕೊಕ್ಕೆಯಂತೆ. ಇದು ನೆಲಕ್ಕಿಳಿಯುವುದು ಅಪರೂಪ. ಹಗಲೆಲ್ಲ ಮರದ ಪೊಟರೆಯಲ್ಲೋ ಎಲೆಗಳ ಮರೆಯಲ್ಲೋ ಮಲಗಿದ್ದು, ಮುಸ್ಸಂಜೆಯ ಬಳಿಕ ನಿಧಾನವಾಗಿ ಕೊಂಬೆಯಿಂದ ಕೊಂಬೆಗೆ ಸಾಗುತ್ತ ಎಲೆ, ಚಿಗುರು, ಹೂವು, ಹಣ್ಣುಗಳನ್ನು ತಿನ್ನುತ್ತದೆ. ಒಂದು ಹೆಜ್ಜೆ ಇಡುವಾಗ ಬಾಲದ ಹಿಡಿತ ಬಿಗಿಯಾಗಿಯೇ ಇರುತ್ತದೆ.

ಅದಕ್ಕೆ ಪ್ರಿಯವಾದ ಮನೆಯೆಂದರೆ ಅತ್ತಿ–ಆಲಗಳ ಜಾತಿಯ ದೊಡ್ಡ ಮರ. ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಬೀಜ ಮತ್ತೊಂದು ಮರದ ಮೇಲೆ ಮೊಳೆತು, ಬೇರು ಇಳಿಬಿಟ್ಟು, ಆಶ್ರಯ ಕೊಟ್ಟ ಮರವನ್ನೇ ಸುತ್ತಿಕೊಂಡು ಬೆಳೆಯುವ ಬಗೆ ಮಲೆನಾಡಿನವರಿಗೆ ಗೊತ್ತು. ಹಾಗೆ ಹೆಣೆದುಕೊಂಡ ಬೇರುಗಳ ನಡುವೆ ಪೊಟರೆಗಳು ಮೂಡುತ್ತವೆ. ಅಂತಹ ಮರದಲ್ಲಿ ಈ ಹಾವುರಾಣಿಗಳು ಸಣ್ಣ ಗುಂಪಾಗಿ ನೆಲೆಸುತ್ತವೆ. ಹೊರಗಿನ ಹಾವುರಾಣಿ ಬಂದರೆ ಬುಸುಗುಟ್ಟಿ, ಕಚ್ಚಿ ಅಟ್ಟುತ್ತವೆ. ಸರೀಸೃಪಗಳಲ್ಲಿ ಇಂತಹ ಕೂಡುಬಾಳು ವಿರಳ.

ಸಂತಾನದ ರೀತಿಯೂ ವಿರಳವಾದದ್ದೇ. ಇದು ಮೊಟ್ಟೆಯಿಡುವುದಿಲ್ಲ. ಆರರಿಂದ ಎಂಟು ತಿಂಗಳ ಗರ್ಭಧಾರಣೆಯ ಬಳಿಕ ಸಾಮಾನ್ಯವಾಗಿ ಒಂದೇ ಒಂದು ಮರಿಯನ್ನು ಹೆರುತ್ತದೆ. ಅವಳಿ ಹುಟ್ಟುವುದು ಅಪರೂಪ. ಹುಟ್ಟಿದ ಮರಿಯೇ ತಾಯಿಯ ಉದ್ದದ ಮೂರನೆಯ ಒಂದು ಪಾಲಿನಷ್ಟಿರುತ್ತದೆ. ಮೊಟ್ಟೆಯಿಟ್ಟು ಹೊರಟುಹೋಗುವುದು ಬಹುಪಾಲು ಸರೀಸೃಪಗಳ ಪದ್ಧತಿ. ಇಲ್ಲಿ ಮರಿ ಎಷ್ಟೋ ತಿಂಗಳು ತಾಯಿಯ ಮಗ್ಗುಲಲ್ಲೇ ಬೆಳೆಯುತ್ತದೆ, ತಾಯಿ ಅದನ್ನು ಕಾಯುತ್ತದೆ. ಆ ಅವಧಿಯಲ್ಲಿ ಮರಿ ದೊಡ್ಡವುಗಳ ಹಿಕ್ಕೆಯನ್ನು ತಿನ್ನುತ್ತದೆ. ಕೇಳಿದವರಿಗೆ ಹೇಸಿಗೆ ಎನಿಸಬಹುದು. ಆದರೆ ಎಲೆಯ ನಾರನ್ನು ಜೀರ್ಣಿಸಲು ಕರುಳಿನಲ್ಲಿ ಸೂಕ್ಷ್ಮಾಣುಜೀವಿಗಳು ಬೇಕು; ಅವು ಹಿರಿಯರಿಂದ ಕಿರಿಯರಿಗೆ ದಾಟುವ ದಾರಿ ಇದು. ಮನೆಯಲ್ಲಿ ಹಳೆಯ ಮಜ್ಜಿಗೆಯ ಹೆಪ್ಪಿನಿಂದ ಹೊಸ ಮೊಸರು ಆಗುವಂತೆ, ತಾಯಿಯ ಹೊಟ್ಟೆಯ ಹೆಪ್ಪು ಮರಿಯ ಹೊಟ್ಟೆಗೆ ಸೇರುತ್ತದೆ.

ಇನ್ನು ಸಾಕಣೆಯ ಮಾತು. ಈ ಪ್ರಾಣಿಯನ್ನು ಜವಾಬ್ದಾರಿಯಿಂದ ಸಾಕಿದವರ ಅನುಭವ ಮೇಲಿನ ಸಂಗತಿಗಳಿಂದಲೇ ಹುಟ್ಟಿದೆ. ಮೊದಲನೆಯದು ಎತ್ತರ. ನೆಲದ ಹಲ್ಲಿಗೆ ಸಾಕಾಗುವ ಗಾಜಿನ ಪೆಟ್ಟಿಗೆ ಇದಕ್ಕೆ ಸಾಲದು. ಜೋಡಿಗೆ ಆಳೆತ್ತರದ, ಅಂದರೆ ಸುಮಾರು ಆರು ಅಡಿ ಎತ್ತರದ ಗೂಡು ಬೇಕು. ಅದರಲ್ಲಿ ಪ್ರಾಣಿಯ ಮೈದಪ್ಪದ ಕೊಂಬೆಗಳನ್ನು ಅಲುಗಾಡದಂತೆ ಬಿಗಿದಿರಬೇಕು. ಅಡಗುವ ಪೊಟರೆಯನ್ನು ಮೇಲ್ಭಾಗದಲ್ಲಿಯೇ ಇಡಬೇಕು. ಕೆಳಗಿಟ್ಟರೆ ಮರವಾಸಿಗೆ ಅಲ್ಲಿ ನೆಮ್ಮದಿಯಿಲ್ಲ.

ಎರಡನೆಯದು ಹವೆ. ಸೊಲೊಮನ್ ದ್ವೀಪಗಳು ಭೂಮಧ್ಯರೇಖೆಗೆ ಸಮೀಪದ ಮಳೆಕಾಡುಗಳ ನಾಡು. ಗೂಡಿನೊಳಗೆ ಹಗಲು 24ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ, ಮೈ ಕಾಯಿಸಿಕೊಳ್ಳಲು ಒಂದು ಕಡೆ ಅದಕ್ಕಿಂತ ಸ್ವಲ್ಪ ಹೆಚ್ಚು, ಸದಾ ತೇವವಿರುವ ಗಾಳಿ, ದಿನವೂ ನೀರಿನ ತುಂತುರು ಬೇಕಾಗುತ್ತದೆ. ತೇವದ ಜೊತೆಗೆ ಗಾಳಿಯಾಡದಿದ್ದರೆ ಬೂಷ್ಟು ಬೆಳೆದು ಕಾಯಿಲೆ ತರುತ್ತದೆ. ತಂಪು ದೇಶದ ಮನೆಗಳಲ್ಲಿ ಇದೆಲ್ಲವೂ ವರ್ಷವಿಡೀ ವಿದ್ಯುತ್ತಿನಿಂದಲೇ ನಡೆಯಬೇಕು.

ಮೂರನೆಯದು ಆಹಾರ. ಹಲ್ಲಿಯಲ್ಲವೇ ಎಂದು ಹುಳು, ಮಾಂಸ ಕೊಡುವುದು ತಪ್ಪು. ಇದರ ಊಟದ ಬಹುಪಾಲು ಹಸಿರೆಲೆ. ಸೊಪ್ಪುಗಳು, ದಾಸವಾಳದ ಹೂವು ಮತ್ತು ಎಲೆ, ಕುಂಬಳ, ಗೆಣಸು, ಸ್ವಲ್ಪ ಹಣ್ಣು ಇವುಗಳನ್ನು ಸಂಜೆಯ ಹೊತ್ತಿಗೆ, ಎತ್ತರದಲ್ಲಿ ಕಟ್ಟಿದ ಬಟ್ಟಲಿನಲ್ಲಿ ಕೊಡುತ್ತಾರೆ. ಮನಿ ಪ್ಲಾಂಟಿನ ಎಲೆಯನ್ನು ಅದು ಇಷ್ಟಪಟ್ಟು ತಿನ್ನುತ್ತದೆ. ಆದರೆ ಅಂಗಡಿಯಿಂದ ತಂದ ಗಿಡಕ್ಕೆ ಕೀಟನಾಶಕ ಸಿಂಪಡಿಸಿರಬಹುದು. ಹಲವು ವಾರ ಮನೆಯಲ್ಲಿಯೇ ಬೆಳೆಸಿ, ಹೊಸದಾಗಿ ಚಿಗುರಿದ ಎಲೆಯನ್ನಷ್ಟೇ ಕೊಡಬೇಕು.

ನಾಲ್ಕನೆಯದು ಸಂಗ. ಒಂಟಿಯಾಗಿಟ್ಟರೆ ಗುಂಪುಜೀವಿಯ ಬದುಕು ಕುಗ್ಗುತ್ತದೆ. ಹಾಗೆಂದು ಅಪರಿಚಿತ ಪ್ರಾಣಿಗಳನ್ನು ಒಂದೇ ಗೂಡಿಗೆ ನೂಕಿದರೆ ಕಾದಾಟವಾಗಿ ಆಳವಾದ ಗಾಯಗಳಾಗುತ್ತವೆ. ಎಳೆಯ ಮರಿಯನ್ನು ತಾಯಿಯಿಂದ ಬೇಗ ಬೇರ್ಪಡಿಸಿ ಮಾರಿದರೆ, ಅದು ಕರುಳಿನ ಹೆಪ್ಪು ಸಿಗದೆ ಸೊರಗುತ್ತದೆ. ಐದನೆಯದು ಕಾಲ. ಈ ಹಾವುರಾಣಿ ಪಂಜರದಲ್ಲಿ 25 ವರ್ಷಕ್ಕೂ ಮೀರಿ ಬದುಕಬಲ್ಲದು. ಹದಿನೈದರ ಹುಡುಗ ಕೊಂಡುತಂದ ಪ್ರಾಣಿ ಅವನು ನಲವತ್ತು ದಾಟುವವರೆಗೂ ಅವನ ಹೊಣೆ. ವಿದ್ಯಾಭ್ಯಾಸ, ನೌಕರಿ, ಮದುವೆ, ಊರು ಬದಲಾವಣೆ ಈ ಎಲ್ಲದರ ನಡುವೆ ಆರಡಿ ಗೂಡು ಜೊತೆಯಲ್ಲೇ ಬರಬೇಕು.

ಈ ಐದೂ ಷರತ್ತುಗಳನ್ನು ಪಾಲಿಸಿದ ಪ್ರಾಣಿಸಂಗ್ರಹಾಲಯಗಳೂ ವ್ಯಕ್ತಿಗಳೂ ಇದ್ದಾರೆ. ಅವರ ತಾಳ್ಮೆಯ ವೀಕ್ಷಣೆಯಿಂದ ಈ ಜೀವಿಯ ಬಗ್ಗೆ ಬಹಳಷ್ಟು ತಿಳಿದಿದೆ, ಅದನ್ನು ಮರೆಯಬಾರದು. ಆದರೆ ಸಾಕುಪ್ರಾಣಿಯ ಮಾರುಕಟ್ಟೆ ನಡೆದ ದಾರಿ ಬೇರೆ. 1990ರ ದಶಕದಲ್ಲಿ ಸೊಲೊಮನ್ ದ್ವೀಪಗಳ ಕಾಡಿನಿಂದ ಸಾವಿರಾರು ಹಾವುರಾಣಿಗಳನ್ನು ಹಿಡಿದು ಹೊರದೇಶಗಳಿಗೆ ಕಳುಹಿಸಲಾಯಿತು. ವರ್ಷಕ್ಕೊಮ್ಮೆ ನೂರು ಮೊಟ್ಟೆಯಿಡುವ ಜೀವಿಯಾದರೆ ಹೋದದ್ದು ತುಂಬಿಕೊಳ್ಳುತ್ತಿತ್ತೇನೋ. ಆರರಿಂದ ಎಂಟು ತಿಂಗಳು ಹೊತ್ತು ಒಂದೇ ಮರಿ ಹೆರುವ ತಾಯಿಯನ್ನು ಒಯ್ದರೆ ಆ ಮರದ ಲೆಕ್ಕ ಮತ್ತೆ ಸರಿಹೋಗುವುದು ಯಾವಾಗ?

ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಈ ಜಾತಿ 1992ರಲ್ಲಿ ಸೇರಿತು. ಅಂದರೆ ಪರವಾನಗಿಯಿಲ್ಲದೆ ಗಡಿ ದಾಟಿಸುವಂತಿಲ್ಲ. ಸೊಲೊಮನ್ ದ್ವೀಪಗಳು ಆ ಒಪ್ಪಂದದ ಸದಸ್ಯರಾದದ್ದು 2007ರಲ್ಲಿ. ಪರವಾನಗಿಯ ಕಾಗದದಲ್ಲಿಯೂ ಒಂದು ಸೂಕ್ಷ್ಮವಿದೆ. ಗರ್ಭ ಧರಿಸಿದ ತಾಯಿಯನ್ನು ಕಾಡಿನಲ್ಲಿ ಹಿಡಿದು ತಂದರೆ ಮರಿ ಪಂಜರದಲ್ಲಿ ಹುಟ್ಟುತ್ತದೆ. ಅದನ್ನು ಪಂಜರದಲ್ಲಿ ಹುಟ್ಟಿದ ಮರಿಯೆಂದು ಮಾರಬಹುದು, ಮಾತು ಸುಳ್ಳೂ ಆಗುವುದಿಲ್ಲ. ಆದರೆ ಆ ಮರಿಯ ಬೆಲೆಯನ್ನು ತೆತ್ತದ್ದು ಕಾಡೇ. ಪಂಜರದಲ್ಲಿ ಹುಟ್ಟುವುದು ಬೇರೆ, ಪಂಜರದಲ್ಲಿಯೇ ಇದ್ದ ತಂದೆತಾಯಿಗಳಿಂದ ಬೆಳೆದ ಸಂತತಿ ಬೇರೆ.

ಹಿಡಿಯುವವರಿಗಿಂತ ದೊಡ್ಡ ವೈರಿ ಕೊಡಲಿ ಎಂಬುದನ್ನೂ ಹೇಳಬೇಕು. ಸೊಲೊಮನ್ ದ್ವೀಪಗಳ ಬಹುಪಾಲು ಭೂಮಿ ಇಂದಿಗೂ ಸ್ಥಳೀಯ ಕುಲಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಆದರೂ ದಶಕಗಳಿಂದ ಅಲ್ಲಿನ ಮಳೆಕಾಡು ದಿಮ್ಮಿಗಳಾಗಿ ಹಡಗೇರಿದೆ. ಮರ ಉರುಳಿದಾಗ ಪೊಟರೆಯಲ್ಲಿದ್ದ ಇಡೀ ಗುಂಪು ನೆಲೆ ಕಳೆದುಕೊಳ್ಳುತ್ತದೆ. ನಿಧಾನ ನಡಿಗೆಯ ಮರವಾಸಿಗೆ ಮತ್ತೊಂದು ಮರ ಹುಡುಕುವುದು ಸುಲಭವಲ್ಲ. ಹುಡುಕಿದರೂ ಅಲ್ಲಿನ ಗುಂಪು ಒಳಗೆ ಬಿಟ್ಟುಕೊಳ್ಳಬೇಕಲ್ಲ. ಆ ದ್ವೀಪಗಳ ಜನರಿಗೂ ಕೆಸುವಿನ ಗೆಡ್ಡೆ ದಿನನಿತ್ಯದ ಆಹಾರ. ಅವರೂ ಮಲೆನಾಡಿಗರಂತೆ ಕಾಡು ಮತ್ತು ಕಾಸಿನ ನಡುವೆ ನಿಂತವರು. ಅವರನ್ನು ದೂರುವುದಕ್ಕಿಂತ ಅರ್ಥಮಾಡಿಕೊಳ್ಳುವುದು ಒಳ್ಳೆಯದು.

ದೂರದ ದ್ವೀಪದ ಕಥೆ ಇಲ್ಲಿ ಏಕೆ ಎಂದು ಕೇಳಬಹುದು. 2023ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ 234 ವನ್ಯಜೀವಿಗಳು ಸಿಕ್ಕವು. ಹೆಬ್ಬಾವು, ಊಸರವಳ್ಳಿ, ಇಗ್ವಾನಾ, ಆಮೆಗಳ ಜೊತೆಗೆ ಉಸಿರುಗಟ್ಟಿ ಸತ್ತ ಕಾಂಗರೂ ಮರಿಯೊಂದೂ ಇತ್ತು. ವಿದೇಶಿ ಪ್ರಾಣಿಗಳ ಶೋಕಿ ಕರ್ನಾಟಕಕ್ಕೂ ಬಂದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅದೇ ರೀತಿ ಇಲ್ಲಿನ ನಕ್ಷತ್ರ ಆಮೆ, ಎರಡು ತಲೆ ಹಾವೆಂದು ಕರೆಯಲಾಗುವ ಮಣ್ಣುಮುಕ್ಕ ಹಾವು ಮುಂತಾದವು ಕಳ್ಳದಾರಿಯಲ್ಲಿ ಹೊರಹೋಗುತ್ತವೆ. ಒಂದು ಕಾಡಿನ ಜೀವಿ ಇನ್ನೊಂದು ಊರಿನ ಪಂಜರಕ್ಕೆ ಹೋಗುವ ದಾರಿ ಎರಡೂ ಕಡೆ ತೆರೆದಿದೆ.

ಕಾನೂನು ತಡವಾಗಿಯಾದರೂ ಎಚ್ಚೆತ್ತಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸೈಟಿಸ್ ಅನುಬಂಧಗಳ ಜೀವಿಗಳಿಗಾಗಿ ಅದರಲ್ಲಿ ಪ್ರತ್ಯೇಕ ಅನುಸೂಚಿಯಿದೆ. ಅಂತಹ ಪ್ರಾಣಿಯನ್ನು ಇಟ್ಟುಕೊಂಡವರು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಮಲೆನಾಡಿನ ಉಡ, ಗಿಣಿಗಳನ್ನು ಹಿಡಿದು ಸಾಕುವುದಂತೂ ಅಪರಾಧವೇ.

ಕಾನೂನಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಸರಳ. ಗೆಳೆಯನೊಬ್ಬ ಮೊಬೈಲಿನಲ್ಲಿ ಚೆಂದದ ಪ್ರಾಣಿಯ ಚಿತ್ರ ತೋರಿಸಿ ಬೆಲೆ ಹೇಳಿದಾಗ, ವಿದ್ಯಾರ್ಥಿಗಳು ಮೂರು ಮಾತು ಕೇಳಲಿ. ಇದು ಹುಟ್ಟಿದ್ದು ಎಲ್ಲಿ? ಇದರ ತಾಯಿ ಈಗ ಎಲ್ಲಿದೆ? ಇನ್ನು 25 ವರ್ಷ ಇದಕ್ಕೆ ಸೊಪ್ಪು ಕೊಯ್ದು ಹಾಕುವವರು ಯಾರು? ಈ ಮೂರಕ್ಕೂ ಉತ್ತರವಿಲ್ಲದ ಕಡೆ ಪ್ರಾಣಿಪ್ರೀತಿಯ ಹೆಸರಿನಲ್ಲಿ ನಡೆಯುವುದು ವ್ಯಾಪಾರವಷ್ಟೆ.

ಹಿರಿಯರಲ್ಲಿ ಒಂದು ವಿನಂತಿ. ತೋಟದ ಅಂಚಿನಲ್ಲಿ, ದೇವರಕಾಡಿನಲ್ಲಿ ಒಂದು ಮುದಿ ಆಲವೋ ಬಸರಿಯೋ ಗೋಣಿಯೋ ನಿಂತಿದ್ದರೆ, ನಾಟಾಕ್ಕೆ ಬಾರದ ಮರವೆಂದು ಕಡಿಯುವ ಮುನ್ನ ಒಂದು ಮುಸ್ಸಂಜೆ ಮಕ್ಕಳನ್ನು ಅದರ ಬುಡಕ್ಕೆ ಕರೆದೊಯ್ಯಿರಿ. ಪೊಟರೆಯಿಂದ ಏನು ಹೊರಬರುತ್ತದೆ, ಕೊಂಬೆಗೆ ಏನು ಬಂದು ಕೂರುತ್ತದೆ ಎಂದು ಅವರು ಸುಮ್ಮನೆ ನಿಂತು ನೋಡಲಿ. ಅದನ್ನು ಮನೆಗೆ ತರಬೇಕಾಗಿಲ್ಲ. ಮರುದಿನ ಹೋದಾಗಲೂ ಅದು ಅಲ್ಲಿಯೇ ಇರುತ್ತದೆ, ಮರ ಇರುವವರೆಗೆ.